ಗೋಡೆಯ ಮೇಲೆ ಎರಡು ಪಟ್ಟಿ

ಅಮ್ಮನ ಬಲಗಣ್ಣಿನ ಪೊರೆ ತೆಗೆಸಿ ಮೂರು ವಾರವಾಗಿತ್ತು. ಕಪ್ಪು ಕನ್ನಡಕ ಇನ್ನು ಬೇಡ ಎಂದು ಡಾಕ್ಟರು ಹೇಳಿದ ದಿನವೇ ಅವಳ ಕೋಣೆಗೆ ಬಣ್ಣ ಹೊಡೆಯಲು ಪೇಂಟರ್ ಬಂದ.

ಅಮ್ಮ ನಲವತ್ತು ವರ್ಷ ಬಟ್ಟೆ ಹೊಲಿದವಳು. ಬಣ್ಣದ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ಎರಡು ವರ್ಷದ ಹಿಂದೆ ಯಾರದೋ ನೀಲಿ ಅಂಗಿಯನ್ನು ಹಸಿರು ದಾರದಲ್ಲಿ ಹೊಲಿದುಕೊಟ್ಟು, ಅವರು ನಕ್ಕಾಗ ಮುಖ ಸಣ್ಣ ಮಾಡಿಕೊಂಡು ಹೊಲಿಗೆಯನ್ನೇ ಬಿಟ್ಟಿದ್ದಳು. ಆಮೇಲೆ ಯಾವ ಬಣ್ಣ ಎಂದು ಕೇಳಿದರೂ ಒಂದೇ ಮಾತು: "ನಿಮಗೆ ಸರಿ ಕಂಡಿದ್ದು ಮಾಡಿ."

ಹಾಗಾಗಿ ಮಗಳೇ ತಿಳಿನೀಲಿ, ತಿಳಿಹಸಿರು ಎರಡನ್ನೂ ತರಿಸಿದ್ದಳು. ಪೇಂಟರ್ ಕಿಟಕಿಯ ಪಕ್ಕ ಎರಡು ಪಟ್ಟಿ ಬಳಿದು, ಒಣಗಲು ಬಿಟ್ಟು, "ಯಾವ್ದು ಹಾಕ್ಲಿ?" ಎಂದ.

ಮಗಳು ಹತ್ತಿರದಿಂದ ನೋಡಿದಳು, ದೂರದಿಂದ ನೋಡಿದಳು. ಬಗೆಹರಿಯಲಿಲ್ಲ. "ಅಮ್ಮಾ, ಒಂಚೂರು ಬಾರಮ್ಮ."

"ನಿನಗೆ ಸರಿ ಕಂಡಿದ್ದು..." ಎನ್ನುತ್ತಲೇ ಬಂದ ಅಮ್ಮ ಬಾಗಿಲಲ್ಲಿ ತಡೆದು ನಿಂತಳು. ಅಂಗೈಯಿಂದ ಬಲಗಣ್ಣು ಮುಚ್ಚಿದಳು. ಎಡಗಣ್ಣಿನಲ್ಲಿ ಪೊರೆ ಇನ್ನೂ ಇತ್ತು.

"ಹೀಗೆ ನೋಡಿದ್ರೆ ಎರಡೂ ಒಂದೇ. ಪಾತ್ರೆ ತೊಳೆದ ನೀರು."

ಪೇಂಟರ್ ಮುಖ ಇಳಿಯಿತು. ಅಮ್ಮ ಕೈ ಬದಲಿಸಿ ಎಡಗಣ್ಣು ಮುಚ್ಚಿದಳು. ಉಸಿರು ಬಿಗಿಹಿಡಿದು ಗೋಡೆಯವರೆಗೂ ನಡೆದಳು.

"ಇದು ನೀಲಿ ಕಣೇ. ಒಗೆದು ಒಗೆದು ಮೆತ್ತಗಾದ ಹತ್ತಿ ಅಂಗಿ ನೀಲಿ. ಇದೇ ಇರ್ಲಿ. ಆ ಹಸಿರಿಗೆ ಹಳದಿ ಜಾಸ್ತಿ ಬಿದ್ದಿದೆ, ದೀಪ ಹಾಕಿದ್ರೆ ಮಂಕಾಗತ್ತೆ."

ಪೇಂಟರ್ ಹಸಿರು ಡಬ್ಬಿಯ ಮೇಲೆ ಅಂಗಡಿಯವರು ಅಂಟಿಸಿದ್ದ ಬಣ್ಣ ಬೆರೆಸಿದ ಲೆಕ್ಕದ ಚೀಟಿ ಓದಿ ತಲೆಯೆತ್ತಿದ. "ಹೌದಮ್ಮ, ಹಳದಿ ಎರಡು ತೊಟ್ಟು ಹೆಚ್ಚೇ ಇದೆ. ಬರೀ ಕಣ್ಣಲ್ಲಿ ಹೇಗೆ ಹೇಳಿದ್ರಿ?"

ಉತ್ತರ ಕೊಡಲು ಅಮ್ಮ ಅಲ್ಲಿದ್ದರೆ ತಾನೇ? ಒಂದೊಂದೇ ಕಣ್ಣು ಮುಚ್ಚಿ ತೆಗೆಯುತ್ತ ಮನೆಯೆಲ್ಲ ಸುತ್ತುತ್ತಿದ್ದಳು. ಬಕೆಟ್ಟು, ದಿಂಬು, ಮಗಳ ಚಪ್ಪಲಿ, ಯಾವುದನ್ನೂ ಬಿಡಲಿಲ್ಲ.

"ಈ ಪರದೆ ನೇರಳೆ ಏನೇ? ಬೂದಿ ಬಣ್ಣ ಅಂದ್ಕೊಂಡಿದ್ದೆ."

"ನೇರಳೆ ಅಂತ ಅವತ್ತೇ ಹೇಳಿದ್ನಲ್ಲಮ್ಮ."

"ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ ಅಂದ್ಕೊಂಡೆ."

ಮಗಳು ನಗುತ್ತ ಪರದೆಯನ್ನು ಬೆಳಕಿಗೆ ಎಳೆದು ಹಿಡಿದಳು.

ಮಧ್ಯಾಹ್ನದ ಹೊತ್ತಿಗೆ ಒಂದು ಗೋಡೆ ನೀಲಿಯಾಗಿತ್ತು. ಅಮ್ಮ ಕೋಣೆಯ ನಡುವೆ ಕುರ್ಚಿ ಹಾಕಿಸಿಕೊಂಡು ಕೂತಿದ್ದಳು.

"ಮೇಲೆ, ಮೂಲೇಲಿ ಬಿಟ್ಟಿದ್ದೀಯ ನೋಡಪ್ಪ."

"ಎಲ್ಲೂ ಬಿಟ್ಟಿಲ್ಲಮ್ಮ, ಇಪ್ಪತ್ತು ವರ್ಷದ ಕೈ ಇದು," ಎಂದು ಗೊಣಗುತ್ತಲೇ ಪೇಂಟರ್ ಏಣಿ ಹತ್ತಿದ. ಮೂಲೆಯಲ್ಲಿ ಬೆರಳಗಲದಷ್ಟು ಹಳೇ ಸುಣ್ಣ ಇಣುಕುತ್ತಿತ್ತು. ಅವನು ಬ್ರಷ್ ಅದ್ದಿದ.