ಏರಿದ ಅಂಕ

ರೇಣುಕಯ್ಯ ಕಾರ್ಡಿನಲ್ಲಿ ಬರೆದದ್ದು ಒಂದೇ ಸಾಲು: "ಅಕ್ಕನ ಅಂಕ ಒಂಬತ್ತರಿಂದ ಹದಿನಾಲ್ಕಕ್ಕೆ ಏರಿದೆ, ಉಳಿದುದನ್ನು ಗುರುವಾರ ಬಂದು ಹೇಳುತ್ತೇನೆ." ತಾನು ಕೆಲಸ ಮಾಡುವ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ಅಕ್ಕನ ರಕ್ತವನ್ನು ಎರಡು ಬಾರಿ ಅಳೆದು, ಮೂರನೆಯ ಬಾರಿ ತಾಳೆ ನೋಡಿದ ಮೇಲೆಯೇ ಅಂಚೆಗೆ ಹಾಕಿದ್ದ.

ಕೊರಟಗೆರೆಗೆ ಕೊಟ್ಟಿದ್ದ ಅಕ್ಕ ಸರ್ವಮಂಗಳೆ ಎಂಟು ತಿಂಗಳ ಬಸುರಿ. ಸೊಂಟದ ನೋವು ವರ್ಷದ್ದು. ಮನೆಯವರು ವಾಯು ಎಂದಿದ್ದರು. ಎಲುಬು ಮೆತ್ತಗಾದಾಗ ತನ್ನನ್ನು ಮತ್ತೆ ಕಟ್ಟಿಕೊಳ್ಳಲು ಹೆಣಗುತ್ತದೆ. ಹೆಣಗಿದಷ್ಟೂ ಫಾಸ್ಫಟೇಸ್ ಎಂಬ ವಸ್ತು ರಕ್ತಕ್ಕೆ ಸುರಿಯುತ್ತದೆ. ಆರೋಗ್ಯವಂತರಲ್ಲಿ ಅದರ ಅಂಕ ನಾಲ್ಕನ್ನು ದಾಟುವುದಿಲ್ಲ.

"ಕೂಸು ಬರುವ ದಾರಿಯ ಎಲುಬು ಕುಗ್ಗುತ್ತಿರುವಂತಿದೆ," ಎಂದು ರೇಣುಕಯ್ಯನಿಗೆ ಹೇಳಿದ್ದರು ಬೆಂಗಳೂರಿನ ಡಾಕ್ಟರು. "ಬಿಸಿಲು, ಹಾಲು ಕೊಡಿ. ಅಂಕ ಇಳಿಯದಿದ್ದರೆ ನೋವು ಬರುವ ಮೊದಲೇ ಇಲ್ಲಿಗೆ ಕರೆತನ್ನಿ. ಹೊಟ್ಟೆ ಕೊಯ್ದೇ ತೆಗೆಯಬೇಕು." ಪರೀಕ್ಷೆ ಸರಿಬರದಿದ್ದರೆ ಬೇಕಾದೀತೆಂದು ಬಾಡಿಗೆ ಕಾರೊಂದನ್ನು ಗೊತ್ತು ಮಾಡಿಟ್ಟುಕೊಳ್ಳಲು ಭಾವ ಮಲ್ಲಿಕಾರ್ಜುನಯ್ಯನಿಗೆ ರೇಣುಕಯ್ಯ ಹೇಳಿದ್ದ.

ಗುರುವಾರ, ಪೆಟ್ರೋಲಿಲ್ಲದೆ ಇದ್ದಲಿನ ಅನಿಲದಿಂದ ಓಡುತ್ತಿದ್ದ ಬಸ್ಸಿಳಿದು ಬಂದವನಿಗೆ ಬಾಗಿಲಲ್ಲೇ ಹೋಳಿಗೆಯ ಘಮ ಬಡಿಯಿತು.

"ಬಾರಪ್ಪ ಪಂಡಿತ!" ಎಂದರು ಅಕ್ಕನ ಅತ್ತೆ ಜಗದಾಂಬ. "ನಮ್ಮ ಮಂಗಳಿ ಪಾಸಾಗೋದ್ಲು ಅಂತ ಕೇರಿಗೆಲ್ಲ ಹೇಳ್ಬುಟ್ಟಿದೀನಿ ಕಣಪ್ಪ!"

"ಪಾಸೇ?"

"ಅಂಕ ಏರೈತೆ ಅಂತ ನೀನೇ ಬರ್ದಿದ್ದಲ್ಲ! ನೀನು ಬಿಎಸ್ಸಿನಾಗೆ ಅಂಕ ಏರಿಸ್ಕಂಡಾಗ ನಿಮ್ಮಪ್ಪ ಎಂಟು ಮನೆಗೆ ಸಕ್ಕರೆ ಹಂಚಿರ್ಲಿಲ್ವಾ?"

ರೇಣುಕಯ್ಯ ಭಾವನತ್ತ ತಿರುಗಿದ. "ಭಾವ, ಬಾಡಿಗೆ ಕಾರು ಎಲ್ಲಿ?"

"ಮಂಗಳವಾರವೇ ವಾಪಸ್ ಕಳಿಸ್ಬುಟ್ಟೆ," ಎಂದ ಮಲ್ಲಿಕಾರ್ಜುನಯ್ಯ. "ಯುದ್ಧದ ಕಾಲ, ಪೆಟ್ರೋಲಿಗೆ ಚೀಟಿ. ಪಾಸಾದ ಮೇಲೆ ಇನ್ಯಾಕೆ ಅಂತ..."

ಒಳಗಿನ ಕೋಣೆಯಿಂದ ನರಳುವ ದನಿ ಕೇಳಿತು. ಸೂಲಗಿತ್ತಿ ಓಬಕ್ಕ ಹೊರಬಂದು ಕೈ ಒರೆಸಿಕೊಂಡಳು. "ಬೆಳಿಗ್ಗಿಂದ ನೋವು ತಿಂತಾವ್ಳೆ ಕಣವ್ವಾ. ತಲೆ ಕೆಳಗೇ ಇಳೀವಲ್ದು."

"ಅತ್ತೆ, ಅದು ಪರೀಕ್ಷೆಯ ಅಂಕವಲ್ಲ," ಎಂದ ರೇಣುಕಯ್ಯ. "ಏರಬಾರದ ಅಂಕ."

ಜಗದಾಂಬ ಕೈಯಲ್ಲಿದ್ದ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟರು. "ಅಂಗಂತ ಬರೀಬಾರ್ದಾಗಿತ್ತಾ, ಮಗಾ?"

ಕಾರ್ಡು ಗೂಡಿನಲ್ಲಿ, ವಿಭೂತಿಗಟ್ಟಿಯ ಪಕ್ಕದಲ್ಲಿತ್ತು. ಅದರ ಮುಕ್ಕಾಲು ಭಾಗ ಖಾಲಿಯಿತ್ತು.

ಊರ ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ಯಬಲ್ಲವರಿರಲಿಲ್ಲ. ಬಸ್ಸು ಮರುದಿನ ಬೆಳಿಗ್ಗೆಗೆ. ಮಲ್ಲಿಕಾರ್ಜುನಯ್ಯ ಗಾಡಿ ಕಟ್ಟಲು ಓಡಿದ. "ತುಮಕೂರು ಮುಟ್ಟೋಗಂಟ ಆ ಕುಲುಕಾಟಕ್ಕೆ ಇಬ್ರೂ ಉಳಿಯಾಕಿಲ್ಲ," ಎಂದು ಓಬಕ್ಕ ಹಿಂದಿನಿಂದ ಕೂಗಿದರೂ ಅವನು ನಿಲ್ಲಲಿಲ್ಲ.

"ರೇಣುಕ ಬಂದ್ನಾ?" ಕೋಣೆಯೊಳಗಿಂದ ಅಕ್ಕನ ದನಿ. ಅವನು ಬಾಗಿಲಿಗೆ ಹಣೆಯೊತ್ತಿ ನಿಂತ.

"ದಿನಾ ಬಿಸಿಲಾಗೆ ಕೂತಿದ್ದೆ ಕಣೋ. ಒಂದಿನಾನೂ ತಪ್ಪಿಸ್ಲಿಲ್ಲ. ಹದಿನಾಲ್ಕು ಬಂತಂತಲ್ಲ... ಒಳ್ಳೇದೇ ಅಲ್ವೇನೋ?"

ಇದುವರೆಗೆ ಒಂದು ದಶಾಂಶವನ್ನೂ ತಪ್ಪು ಹೇಳದವನು ಬಾಗಿಲ ಸಂದಿಗೆ ಬಾಯಿ ಹಚ್ಚಿದ.

"ಹ್ಞೂಂ, ಅಕ್ಕ. ಒಳ್ಳೇದೇ."

ಹೊರಗೆ ಎತ್ತುಗಳ ಕೊರಳ ಗಂಟೆ ಕೇಳಿಸಿತು.