ಮೆತ್ತೆ ತೆಗೆದ ಕುರ್ಚಿ

"ಎರಡು ಬೆರಳು ಎತ್ತರ ಜಾಸ್ತಿಯಾಯ್ತು. ಇದರಲ್ಲಿ ಕೂತು ಗುಂಡು ಎಸೆಯೋ ಹಾಗಿಲ್ಲ," ಎಂದು ಅಧಿಕಾರಿ ಅಳತೆಪಟ್ಟಿ ಸುತ್ತಿಕೊಂಡ.

ಕುರ್ಚಿ ಜಾಂಬಿಯಾದಿಂದ ಬಂದ ಮುಟಿಂಟಾಳದು. ನೀರಿನ ಕೊಳವೆಗಳನ್ನು ಬೆಸೆದು ಮಾಡಿದ್ದು, ಮೇಲೊಂದು ಹೂವಿನ ಬಟ್ಟೆಯ ಮೆತ್ತೆ. ಪಕ್ಕದ ಗಾಲಿಕುರ್ಚಿಯಲ್ಲಿದ್ದ ಹೆಲ್ಕಾಳಿಗೆ ಮೊದಲು ಆದದ್ದು ಸಮಾಧಾನ. ಇಲ್ಲಿ, ಕುವೊಪಿಯೊದಲ್ಲಿ, ತನ್ನೂರಿನವರ ಎದುರು ಗುಂಡು ಎಸೆತದಲ್ಲಿ ತನ್ನನ್ನು ಸೋಲಿಸಬಲ್ಲವಳು ಇವಳೊಬ್ಬಳೇ. ಆಮೇಲೆ ಆ ಸಮಾಧಾನಕ್ಕೇ ನಾಚಿಕೆಯಾಯಿತು. ನಾಚಿಕೆ ಔದಾರ್ಯವಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ.

"ನನ್ನ ಎಸೆಯೋ ಕುರ್ಚಿ ತಗೊಳ್ಳಿ."

ಎಂಜಿನಿಯರ್ ಹೆಲ್ಕಾ ತಾನೇ ನಕ್ಷೆ ಬರೆದು, ತನ್ನ ಸೊಂಟದ ಅಳತೆಗೆ ತನ್ನ ಕಾರ್ಖಾನೆಯಲ್ಲೇ ಮಾಡಿಸಿದ ಕುರ್ಚಿ ಅದು. ಅದರ ಖರ್ಚಿನಲ್ಲಿ ಬಡದೇಶದಲ್ಲೊಂದು ಮನೆ ಕಟ್ಟಬಹುದೆಂದು ಯಾರೋ ಅಂದಿದ್ದರು. ಅವಳು ಅದನ್ನು ಹೊಗಳಿಕೆ ಎಂದುಕೊಂಡಿದ್ದಳು. ನೋಡಿದವರು ಮುಟ್ಟದೆ ಹೋಗುತ್ತಿರಲಿಲ್ಲ. ಮುಟಿಂಟಾ ಮುಟ್ಟಲಿಲ್ಲ.

"ಚೆನ್ನಾಗಿದೆ ಅಕ್ಕಾ. ಆದ್ರೆ ನಂದು ನಮ್ಮಣ್ಣ ಮಾಡಿದ್ದು."

"ನಿಯಮದಲ್ಲಿ ಅವಕಾಶ ಇದೆ. ಯಾರೂ ಬೇಡ ಅನ್ನಲ್ಲ," ಎಂದಳು ಹೆಲ್ಕಾ.

"ನಾನೇ ಬೇಡ ಅಂತಿದೀನಲ್ಲ. ನಿಮ್ಮ ಕುರ್ಚೀಲಿ ಕೂತು ಗೆದ್ರೆ, ಗೆದ್ದಿದ್ದು ಯಾರು ಅಂತ ಊರಲ್ಲಿ ಕೇಳ್ತಾರೆ." ಅವಳು ಅಧಿಕಾರಿಯತ್ತ ತಿರುಗಿದಳು. "ಮೆತ್ತೆ ಸೇರಿಸಿ ಅಳೆದ್ರಾ?"

"ಸೇರಿಸಲೇಬೇಕು."

ಮುಟಿಂಟಾ ಮೆತ್ತೆಯನ್ನು ಕಿತ್ತು ಹುಲ್ಲಿನ ಮೇಲೆ ಎಸೆದಳು. "ಈಗ ಅಳೀರಿ."

ಅಳತೆ ಸರಿಯಾಯಿತು.

ಇಬ್ಬರಿಗೂ ಸೊಂಟದ ಕೆಳಗೆ ಸ್ಪರ್ಶವಿಲ್ಲ. ಬರಿ ಕಬ್ಬಿಣದ ಮೇಲೆ ಕೂತರೆ ನೋವು ತಿಳಿಯುವುದಿಲ್ಲ, ಆದರೆ ಹುಣ್ಣಾಗುತ್ತದೆ. ಅಂಥದೊಂದು ಹುಣ್ಣಿಗೆ ಹೆಲ್ಕಾ ಇಡೀ ಚಳಿಗಾಲ ಆಸ್ಪತ್ರೆಯಲ್ಲಿ ಬೋರಲು ಮಲಗಿದ್ದಳು.

"ಹುಣ್ಣಾಗುತ್ತೆ."

"ಗೊತ್ತು."

"ಮತ್ತೆ?"

"ಎಸೆಯೋಕೆ ತಾನೇ ಬಂದಿದ್ದು?"

ಕುರ್ಚಿಗೆ ಬಿಗಿಸಿಕೊಂಡ ಮೇಲೆ ಆರೂ ಎಸೆತ ಮುಗಿಸಿಯೇ ಇಳಿಯಬೇಕು. ಪ್ರತಿ ಎಸೆತಕ್ಕೂ ಆ ಕಬ್ಬಿಣ ಕಿರುಗುಟ್ಟಿತು. ಕೊನೆಯದು ಎಲ್ಲಕ್ಕಿಂತ ದೂರ ಬಿತ್ತು. ಮುಟಿಂಟಾ ತಲೆ ಎತ್ತಿಕೊಂಡೇ ಇಳಿದಳು. ಹೆಲ್ಕಾಳಿಗೆ ಎದೆ ತುಂಬಿ ಬಂತು. ಹೆಮ್ಮೆಯೇ, ಆದರೆ ತನ್ನದಲ್ಲ, ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಅವಳ ಸರದಿ ಬಂತು. ತರಬೇತುದಾರ ಔಲಿಸ್ ಅವಳನ್ನು ಎತ್ತಿಕೊಂಡ.

"ನನ್ನ ಕುರ್ಚಿಯ ಮೆತ್ತೆ ತೆಗೆದುಬಿಡು," ಎಂದಳು ಅವನ ಭುಜದ ಮೇಲಿಂದ.

"ತಲೆ ಕೆಟ್ಟಿದೆಯಾ? ಒಂದು ಚಳಿಗಾಲ ಮಲಗಿದ್ದು ಸಾಲದಾ?"

"ತೆಗಿ ಅಂದೆ."

"ಆಯ್ತು ಮಾರಾಯ್ತಿ." ಅವನು ಬಗ್ಗಿ, ಒಂದು ಕೈಯಲ್ಲಿ ಏನೋ ಮಾಡಿ, ಅವಳನ್ನು ಕೂರಿಸಿ ಪಟ್ಟಿ ಬಿಗಿದ.

"ತೆಗೆದ್ಯಾ?"

"ಸುಮ್ನೆ ಎಸಿ."

ಗುಂಡು ಹೋಗಿ ಮುಟಿಂಟಾಳ ಗುರುತನ್ನು ದಾಟಿ ಬಿತ್ತು. ಹೆಲ್ಕಾ, ಹೆಲ್ಕಾ ಎಂದು ಊರೇ ಕೂಗಿತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದವಳು ಮುಟಿಂಟಾ. ಈಗ ತನ್ನದೇ ಹೆಮ್ಮೆ ಪಡಬಹುದಿತ್ತು. ಒಂದು ವಿಷಯ ಮಾತ್ರ ತಿಳಿಯಬೇಕಿತ್ತು: ಕೆಳಗೆ ಮೆತ್ತೆ ಇದೆಯೋ ಇಲ್ಲವೋ.

ಹಿಂತಿರುಗಿ ನೋಡಲು ಪಟ್ಟಿ ಬಿಡಲಿಲ್ಲ. ಔಲಿಸ್ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಸರೋವರ ನೋಡುತ್ತ ನಿಂತಿದ್ದ. ಇನ್ನೂ ಐದು ಎಸೆತ ಉಳಿದಿದ್ದವು. ಅಧಿಕಾರಿ ಮುಂದಿನ ಗುಂಡನ್ನು ಚಾಚಿದ. ಹೆಲ್ಕಾ ತೆಗೆದುಕೊಳ್ಳಲಿಲ್ಲ. ಅವಳ ಬೆರಳು ತೊಡೆಗೂ ಕುರ್ಚಿಯ ಅಂಚಿಗೂ ನಡುವೆ ತೂರಲು ಜಾಗ ಹುಡುಕುತ್ತಿತ್ತು. ಕೂದಲೆಳೆಯಷ್ಟೂ ಸಂದಿ ಇರಬಾರದೆಂದು ನಕ್ಷೆ ಬರೆದವಳು ಅವಳೇ.