ಪೆಡಲ್ ತುಳಿ, ಅಕ್ಕಾ

ಟೈಲರಕ್ಕನ ಬೆನ್ನುಮೂಳೆ ವರ್ಷದಿಂದ ವರ್ಷಕ್ಕೆ ಬಾಗುತ್ತಾ ಬಂದು, ಈಗ ಉಸಿರಿಗೂ ಅಡ್ಡವಾಗಿತ್ತು. ನೆಟ್ಟಗೆ ಮಾಡಬಹುದು, ಆದರೆ ನರಕ್ಕೆ ಪೆಟ್ಟಾದರೆ ಕಾಲು ಹೋದೀತು ಎಂದು ಸರ್ಜನ್ನರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವಳು ಇಷ್ಟು ಕಾಲ ಮನೆ ನಡೆಸಿದ್ದು ಹೊಲಿಗೆ ಮಶಿನ್ನಿನ ಪೆಡಲ್ ತುಳಿದೇ.

ಆಪರೇಷನ್ನಿನ ಹಿಂದಿನ ದಿನ ಅರಿವಳಿಕೆಯ ಡಾಕ್ಟರಮ್ಮ ಬಂದು ಹಾಸಿಗೆಯ ಅಂಚಿಗೆ ಕುಳಿತರು.

“ಆಪರೇಷನ್ ನಡುವೆ ನಿಮ್ಮನ್ನ ಒಂದ್ಸಲ ಎಬ್ಬಿಸ್ತೀನಿ. ಕಾಲು ಆಡಿಸಿದ್ರೆ ನರ ಚೆನ್ನಾಗಿದೆ ಅಂತ.”

ಅವಳು ಗಾಬರಿಯಿಂದ ಕೇಳಿದಳು: “ಬೆನ್ನು ಬಿಚ್ಚಿಟ್ಟಿರುವಾಗ ಏಳೋದಾ? ಆ ನೋವಿಗೇ ಜೀವ ಹೋಗುತ್ತಲ್ಲ ತಾಯಿ!”

“ನೋವಿಗೆ ಅಂತಲೇ ಒಂದು ಔಷಧಿ ಸಣ್ಣಗೆ ಹರೀತಾ ಇರುತ್ತೆ. ಬಲು ಜೋರು, ಆದ್ರೆ ಮೈಯಲ್ಲಿ ಹೆಚ್ಚು ಹೊತ್ತು ನಿಲ್ಲೋದಿಲ್ಲ. ನಿದ್ದೆ ಔಷಧಿ ನಿಲ್ಲಿಸಿ ಇದನ್ನ ತಗ್ಗಿಸಿದ್ರೆ ನನ್ನ ಮಾತು ಕೇಳೋವಷ್ಟು ಎಚ್ಚರ ಬರುತ್ತೆ. ನೋವಿನದನ್ನ ಪೂರ್ತಿ ನಿಲ್ಲಿಸಲ್ಲ. ನಾನು ಅಲ್ಲೇ ಇರ್ತೀನಿ.”

ಪಕ್ಕದಲ್ಲಿದ್ದ ತಂಗಿ ಕಿಸಕ್ಕೆಂದಳು. “ಇವಳನ್ನ ಎಬ್ಬಿಸ್ತೀರಾ? ತಲೆ ಮೇಲೆ ಸಿಡಿಲು ಬಿದ್ರೂ ಮಗ್ಗುಲು ಬದಲಿಸೋಳಲ್ಲ ಡಾಕ್ಟ್ರೇ. ಮಶಿನ್ ಮಾತೆತ್ತಿದ್ರೆ ಮಾತ್ರ ಕಣ್ಬಿಡ್ತಾಳೆ.”

“ಬಾಯ್ಮುಚ್ಚೇ, ನಂಗೆ ಜೀವ ಬಾಯಿಗೆ ಬಂದಿದೆ,” ಎಂದು ಅಕ್ಕ ಗದರಿದಳು.

ಮರುದಿನ ಆಪರೇಷನ್ ಮುಗಿದು ಕಣ್ಣು ಬಿಟ್ಟಾಗ ಗಂಟಲು ಒಣಗಿತ್ತು. ಮುಖಕ್ಕೆ ಮಾಸ್ಕ್ ಇಟ್ಟದ್ದಷ್ಟೇ ನೆನಪು. ನಡುವೆ ಯಾರೂ ಕರೆಯಲಿಲ್ಲ. ಅಥವಾ ಕರೆದದ್ದು ತನಗೆ ಕೇಳಲಿಲ್ಲ! ಹೊದಿಕೆಯೊಳಗಿನ ಕಾಲು ಆಡಿಸಿ ನೋಡಲು ಧೈರ್ಯ ಬರಲಿಲ್ಲ.

“ತಾಯಿ, ನಾನು ಏಳಲೇ ಇಲ್ಲ...” ಕಣ್ಣೀರು ಕಿವಿಗಿಳಿಯಿತು.

“ಎದ್ರಿ,” ಎಂದರು ಡಾಕ್ಟರಮ್ಮ. “ಮೊದಲು ‘ಕಾಲು ಆಡಿಸಿ’ ಅಂದೆ, ಜಪ್ಪಯ್ಯ ಅನ್ಲಿಲ್ಲ. ಸರ್ಜನ್ನರ ಮುಖ ಬಾಡಿಹೋಯ್ತು. ಆಮೇಲೆ ನಿಮ್ಮ ತಂಗಿ ಮಾತು ನೆನಪಾಗಿ, ಕಿವಿ ಹತ್ರ ಬಗ್ಗಿ ‘ಪೆಡಲ್ ತುಳಿ, ಅಕ್ಕಾ’ ಅಂದೆ. ಎರಡೂ ಪಾದ ಶುರು ಹಚ್ಕೊಂಡ್ವು ನೋಡಿ! ಸಾಕಕ್ಕಾ ಅಂದ್ರೂ ಕೇಳ್ಲಿಲ್ಲ, ಔಷಧಿ ಏರಿಸಿಯೇ ನಿಲ್ಲಿಸ್ಬೇಕಾಯ್ತು.”

“ನೋವಾಯ್ತಾ ನಂಗೆ?”

“ನೀವೇ ಹೇಳ್ಬೇಕು.”

ಅವಳು ಮನಸ್ಸಿನ ಮೂಲೆಮೂಲೆ ತಡಕಿದಳು. ಏನೂ ಸಿಗಲಿಲ್ಲ. ಮಲಗುವ ಮುನ್ನ ಆ ದಿನ ಕಂಡ ಒಳಿತನ್ನೆಲ್ಲ ದೇವರಿಗೆ ಹೇಳಿ ಕೈಮುಗಿಯುವುದು ಅವಳ ರೂಢಿ. ನೆನಪಿನಲ್ಲೇ ಇಲ್ಲದ ಒಳಿತನ್ನು ಯಾವ ಮಾತಿನಲ್ಲಿ ಹೇಳುವುದೋ ತೋಚಲಿಲ್ಲ. ಡಾಕ್ಟರಮ್ಮನ ಕೈ ಹಿಡಿದು ಸುಮ್ಮನೆ ಕಣ್ಣಿಗೊತ್ತಿಕೊಂಡಳು.

ಹೊದಿಕೆ ಮೆಲ್ಲಗೆ ಅಲುಗಾಡತೊಡಗಿತು.

ಮಂಚದ ಪಕ್ಕ ನಿಂತಿದ್ದ ತಂಗಿ ಮೂಗೊರೆಸಿಕೊಂಡು ಕೇಳಿದಳು: “ಆಗಲೇ ಯಾರ ಬಟ್ಟೆ ಹೊಲೀತಿದ್ದೀಯೆ?”

“ಡಾಕ್ಟರಮ್ಮಂದು.”